ಹಲ್ಲಕ್ಕನ ಪೋಸ್ಟ್ ಆಫೀಸು

ಹಲ್ಲಕ್ಕ ಯಾರ ಜೊತೆ ಮಾತಾಡುವಾಗಲೂ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾಳೆ. ಹೊಸಬರು ಪಾಪ, ಈಕೆಗೆ ಕಿವಿ ಮಂದ ಇರಬೇಕು ಎಂದುಕೊಂಡು ದನಿ ಏರಿಸಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಾರೆ. ಹಳಬರಿಗೆ ವಿಷಯ ಗೊತ್ತು. ಅವರು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾರೆ. ಹಲ್ಲಿನ ಡಾಕ್ಟರು ಬಾಯೊಳಗಿಂದ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕ ಹಾಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ಮಕ್ಕಳು ಇಟ್ಟ ಹೆಸರು ಹಲ್ಲಕ್ಕ. ಈಗ ಮನೆಯವರೂ ಹಾಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಊರಿನ ಅರ್ಧ ನಗು ತನ್ನ ಕೈಯಿಂದ ಆದದ್ದು ಎಂಬ ಜಂಬ ಅವಳಿಗೆ ಇಲ್ಲದಿಲ್ಲ. ಬ್ಯಾಂಕಿನ ಮ್ಯಾನೇಜರು ಗತ್ತಿನಿಂದ ನಕ್ಕರೆ, ಆ ಗತ್ತು ಮೊನ್ನೆಮೊನ್ನೆಯವರೆಗೆ ತನ್ನ ಮೇಜಿನ ಮೇಲೆ ನೀರಿನ ಬಟ್ಟಲಲ್ಲಿ ಮುಳುಗಿ ಕೂತಿತ್ತಲ್ಲ ಎಂದು ಒಳಗೊಳಗೇ ನಗುತ್ತಾಳೆ. ಆದರೆ ಯಾರ ಬಾಯಲ್ಲಿ ಯಾವುದು ಸ್ವಂತದ್ದು, ಯಾವುದು ತನ್ನದು ಎಂಬುದನ್ನು ಎಂದೂ ಬಾಯಿ ಬಿಟ್ಟವಳಲ್ಲ. ಬಿಡದೇ ಇರುವುದರಿಂದಲೇ ತರಕಾರಿಯವನು ಅವಳಿಗೆ ಬಾಡಿದ ಸೊಪ್ಪು ಕೊಡುವ ಧೈರ್ಯ ಮಾಡುವುದಿಲ್ಲ.

ಅಡುಗೆಮನೆಯ ಹಿಂದೆ, ಒಂದು ಕಾಲದಲ್ಲಿ ಸೌದೆ ತುಂಬುತ್ತಿದ್ದ ಕೋಣೆಯೇ ಅವಳ ಕಾರ್ಖಾನೆ. ಇರುವುದೊಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದೆ. ಹಗಲೂ ಟ್ಯೂಬ್‌ಲೈಟ್ ಉರಿಯಬೇಕು. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು. ಮಗಳು ಚೂಟಿ ಅವುಗಳ ಎದುರಿಗೇ ಕೂತು ಮಗ್ಗಿ ಬಾಯಿಪಾಠ ಮಾಡುತ್ತಾಳೆ. ತಪ್ಪಿದರೆ "ನೋಡಮ್ಮ, ಎಲ್ಲಾ ನಗ್ತಿದ್ದಾರೆ" ಅನ್ನುತ್ತಾಳೆ.

ಅತ್ತೆಯ ಹಲ್ಲಿನ ಸೆಟ್ಟೂ ಹಲ್ಲಕ್ಕನ ಕೈಯದ್ದೇ. ಅದರಲ್ಲೊಂದು ಗುಟ್ಟಿದೆ. ಅತ್ತೆ ದವಡೆ ಬಿಗಿ ಹಿಡಿದರೆ ಎಡಗಡೆ ಸಣ್ಣಗೆ "ಟಕ್" ಎಂದು ಸದ್ದಾಗುತ್ತದೆ. ಸ್ವಲ್ಪ ಉಜ್ಜಿದರೆ ಸರಿಹೋಗುವಂಥದ್ದು. "ಒಂಚೂರು ನೋಡೇ" ಎಂದು ಅತ್ತೆ ಎಷ್ಟೋ ಸಲ ಕೇಳಿದ್ದಾರೆ. "ಅದು ಹೊಂದ್ಕೊಳ್ಳುತ್ತೆ ಅತ್ತೆ, ಮುಟ್ಟಿದ್ರೆ ಸಡಿಲ ಆಗುತ್ತೆ" ಎಂದು ಇವಳು ಜಾರಿಕೊಂಡಿದ್ದಾಳೆ. ಅತ್ತೆಗೆ ಸಿಟ್ಟು ಬಂದದ್ದು, ಅತ್ತೆ ಏನೋ ನುಂಗಿಕೊಂಡದ್ದು, ಎಲ್ಲಾ ಆ ಒಂದು ಟಕ್‌ನಲ್ಲಿ ಮೊದಲೇ ಗೊತ್ತಾಗುವಾಗ ಯಾವ ಸೊಸೆ ತಾನೇ ಅದನ್ನು ಉಜ್ಜಿ ಹಾಕುತ್ತಾಳೆ?

ಅತ್ತೆ ಸಾಮಾನ್ಯದವರಲ್ಲ. ಪೋಸ್ಟ್ ಆಫೀಸಿನ ಪಾರ್ಸಲ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ದಿನವಿಡೀ ಕೆಂಪು ಅರಗು ಕರಗಿಸಿ, ಬಟ್ಟೆಯಲ್ಲಿ ಹೊಲಿದ ಪಾರ್ಸಲ್‌ಗಳ ಮೇಲೆ ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತಿ ಒತ್ತಿ ಅವರ ಹೆಬ್ಬೆರಳಿಗೆ ಬಿಸಿಯೇ ತಾಕುತ್ತಿರಲಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಯಾರೇ ಡಬ್ಬಿ ಕಟ್ಟಿದರೂ ಗಂಟು ಎಳೆದು ನೋಡಿ, "ಇದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತೆ" ಎಂದು ಮೂಗು ಮುರಿಯುತ್ತಾರೆ.

ಅವರ ಬಳಿ ಒಂದು ಆಟದ ಪೆಟ್ಟಿಗೆ ಇತ್ತು. ಅತ್ತೆ ಸ್ಕೂಲಿಗೆ ಸೇರಿದ ವರ್ಷ ಅವರಪ್ಪ ತಂದುಕೊಟ್ಟದ್ದು. ಮುಚ್ಚಳದ ಮೇಲೆ ಪೋಸ್ಟ್ ಆಫೀಸಿನ ಚಿತ್ರ, ಬಾಗಿಲಲ್ಲಿ ಸೈಕಲ್ ಹಿಡಿದು ನಿಂತ ಪೋಸ್ಟ್‌ಮ್ಯಾನ್. ಒಳಗೆ ಬೆರಳ ತುದಿಯಷ್ಟಷ್ಟೇ ಕೆಂಪು ಇಟ್ಟಿಗೆಗಳು. ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕು. ಪ್ರತಿ ಇಟ್ಟಿಗೆಯ ನೆತ್ತಿಯ ಮೇಲೆ ಎರಡು ಮೊಳಕೆ, ಕೆಳಗೆ ಎರಡು ತೂತು. ಒಂದರ ಮೊಳಕೆಯನ್ನು ಇನ್ನೊಂದರ ತೂತಿಗೆ ಒತ್ತಿ ಗೋಡೆ ಏರಿಸಬೇಕು. ಬಿಳಿ ಕಿಟಕಿಗಳು, ಹಸಿರು ಛಾವಣಿ, ಕಾಗದ ಹಾಕುವ ಸೀಳು ಇರುವ ಬಾಗಿಲು, ಒಳಗಿಡಲು ಒಂದು ಪುಟ್ಟ ಕೌಂಟರು, ಛಾವಣಿಯ ಮೇಲೆ ಸಿಕ್ಕಿಸಲು ಬಾವುಟದ ಕಂಬ. ಒತ್ತಿದಾಗ ಬರುವ ಸದ್ದು ಎಂಥವರ ಕೈಗೂ ಚಟ ಹತ್ತಿಸುವಂಥದ್ದು.

ಆ ಮನೆಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಮಗು ಸ್ಕೂಲಿಗೆ ಸೇರುವ ವರ್ಷ ಪೆಟ್ಟಿಗೆ ಅದರ ಪಾಲಿಗೆ. ಮುಂದಿನ ಮಗು ಸ್ಕೂಲಿಗೆ ಬರುವವರೆಗೆ ಇಟ್ಟುಕೊಂಡು, ಆಮೇಲೆ ಒಂದು ಭಾನುವಾರ ಎಲ್ಲರೂ ಅತ್ತೆಯ ಮನೆಯಲ್ಲಿ ಸೇರಿ, ಎಲ್ಲರೆದುರಿಗೆ ಪೋಸ್ಟ್ ಆಫೀಸು ಪೂರ್ತಿ ಕಟ್ಟಿ ನಿಲ್ಲಿಸಿ, ಚೂರೂ ಕಮ್ಮಿಯಿಲ್ಲ ಎಂದಾದ ಮೇಲೆ ಬಿಚ್ಚಿ ಹೊಸ ಮಗುವಿಗೆ ಕೊಡಬೇಕು. ಕಟ್ಟುವ ಯಜಮಾನಿಕೆ ಅತ್ತೆಯದ್ದೇ. ಮುಂದಿನ ಗೋಡೆಗೆ ಯಾರು ಬೇಕಾದರೂ ಕೈಹಾಕಬಹುದು. ಹಿಂದಿನ ಗೋಡೆ ಮಾತ್ರ ಅತ್ತೆಯೇ ಕಟ್ಟಬೇಕು. ಹಿರಿತನ ಅಂತ ಎಲ್ಲರೂ ಸುಮ್ಮನಿದ್ದರು.

ಅತ್ತೆಯ ಮೂವರು ಗಂಡುಮಕ್ಕಳ ಸರದಿ ಮುಗಿದು, ಹಿರಿಯ ಸೊಸೆಯ ಮಗನ ಸರದಿಯಲ್ಲಿ ಬಾವುಟದ ಕಂಬ ಕಳೆದುಹೋಯಿತು. ಹಿರಿಸೊಸೆ ಟೈಲರ್. ಸೂಜಿ ಬಿದ್ದರೆ ಕತ್ತಲಲ್ಲೂ ಹುಡುಕುವವಳು. ಆದರೂ ಕಂಬ ಸಿಗಲಿಲ್ಲ. ಅವಳು ಎಲ್ಲರೆದುರಿಗೆ "ಕಳೆದೋಯ್ತು ಅತ್ತೆ, ತಪ್ಪಾಯ್ತು" ಎಂದು ನೇರವಾಗಿ ಹೇಳಿಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಹಲ್ಲಕ್ಕ ಮುಗಿಯಲು ಬಿಡಬೇಕಲ್ಲ!

"ಬಾವುಟ ಇಲ್ಲ ಅಂದ್ರೆ ಇವತ್ತು ರಜಾ ಇರಬೇಕು, ಅಲ್ವಾ ಅಕ್ಕ?" ಅಂದಳು. ಆಮೇಲೆ ಹೋದಲ್ಲಿ ಬಂದಲ್ಲಿ ಅದೇ. ಹಿರಿಸೊಸೆಯ ಮನೆಗೆ ಊಟಕ್ಕೆ ಹೋದರೆ ಬ್ರೆಡ್ಡಿನ ಮೇಲೆ ಹಲ್ಲುಕಡ್ಡಿಗೆ ಕಾಗದದ ಚೂರು ಸಿಕ್ಕಿಸಿ ನಿಲ್ಲಿಸಿದಳು. "ಇನ್ಮುಂದೆ ಒಂದು ಚೂರು ಕಳೆದ್ರೂ ಪೆಟ್ಟಿಗೆ ಗಾಜಿನ ಬೀರು ಸೇರುತ್ತೆ, ಬೀಗ ಹಾಕ್ತೀನಿ, ಯಾವ ಮಕ್ಕಳಿಗೂ ಇಲ್ಲ" ಎಂದು ಅತ್ತೆ ಗುಡುಗಿದಾಗ, "ಹಾಕಿ ಅತ್ತೆ, ಹಾಕಲೇಬೇಕು, ಇಲ್ದಿದ್ರೆ ಜನಕ್ಕೆ ಬುದ್ಧಿ ಬರಲ್ಲ" ಎಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳೂ ಹಲ್ಲಕ್ಕನೇ.

ಅವಳ ಧೈರ್ಯಕ್ಕೆ ಕಾರಣವಿತ್ತು. ಮುಂದಿನ ಸರದಿ ಚೂಟಿಯದ್ದು, ಚೂಟಿಯಂಥ ಜೋಪಾನದ ಮಗು ಇನ್ನೊಂದಿಲ್ಲ. ಆಡಿ ಆದಮೇಲೆ ಒಂದೊಂದೇ ಇಟ್ಟಿಗೆ ಒರೆಸಿ, ಎಣಿಸಿ, ಮಲಗಿಸಿ ಇಡುತ್ತಿದ್ದಳು. ಈಗ ಪೆಟ್ಟಿಗೆ ಬಿಟ್ಟುಕೊಡುವ ಕಾಲ ಬಂದಿತ್ತು. ಕಿರಿಸೊಸೆಯ ಮಗಳು, ಮಾತಿನಮಲ್ಲಿ ಗಿಣಿ, ಸ್ಕೂಲಿಗೆ ಸೇರಿದ್ದಳು. ಗಿಣಿಗೆ ಸ್ಕೂಲು ಅಂದರೆ ಪೆಟ್ಟಿಗೆ ಸಿಗುವ ದಾರಿ, ಅಷ್ಟೇ. "ಸ್ಕೂಲಲ್ಲಿ ಏನು ಕಲಿತೆ?" ಎಂದು ಕೇಳಿದರೆ "ಪೋಸ್ಟ್ ಆಫೀಸು ಯಾವಾಗ ಬರುತ್ತೆ?" ಎಂದು ತಿರುಗಿ ಕೇಳುತ್ತಿದ್ದಳು. ಚೂಟಿ ಕೊನೆಯ ಸಲ ಎಲ್ಲಾ ಒರೆಸಿಟ್ಟು, ಮುಚ್ಚಳಕ್ಕೆ ದಾರ ಕಟ್ಟಿ, ಯಾರೂ ಮುಟ್ಟದಿರಲಿ ಎಂದು ಅಮ್ಮನ ಕಾರ್ಖಾನೆಯ ಎತ್ತರದ ಹಲಗೆಯ ಮೇಲಿಟ್ಟಳು.

ಯಾರೂ ಮುಟ್ಟಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು.

ಅವತ್ತು ಡಾಕ್ಟರು ಒಂದು ಕೆಳದವಡೆಯ ಅಚ್ಚು ಕಳಿಸಿ, ಅವಸರ ಅಂದಿದ್ದರು. ಅಚ್ಚಿಗೆ ಪ್ಲಾಸ್ಟರು ಹುಯ್ದರೆ ಒಂದು ಕಡೆಗೆ ವಾಲುತ್ತಿತ್ತು. ಮಟ್ಟವಾಗಿ ನಿಲ್ಲಿಸಲು ಅಡಿಗೆ ಏನಾದರೂ ಕೊಡಬೇಕು. ದಿನಾ ಕೊಡುವ ಮರದ ತುಂಡುಗಳನ್ನು ಚೂಟಿ ಅದ್ಯಾವುದೋ ಗೊಂಬೆಗೆ ಮಂಚ ಮಾಡಿದ್ದಳು. ಪ್ಲಾಸ್ಟರು ಗಟ್ಟಿಯಾಗುವ ಮೊದಲೇ ಏನಾದರೂ ಸಿಗಬೇಕಲ್ಲ. ಹಲಗೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದೇ ಎತ್ತರದ, ಕೂದಲೆಳೆ ವ್ಯತ್ಯಾಸವಿಲ್ಲದ ಇಟ್ಟಿಗೆಗಳು! ಮೂರು ತೆಗೆದು ಅಡಿಗಿಟ್ಟಳು. ದವಡೆ ಎಷ್ಟು ಚೆನ್ನಾಗಿ ಮಟ್ಟವಾಗಿ ಕೂತಿತೆಂದರೆ, ಇನ್ನು ಇದನ್ನೇ ಬಳಸಬೇಕು ಎಂದುಕೊಂಡಳು.

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಓಡಿದಳು. ಒಲೆ ಒರೆಸಿ ಬರುವಷ್ಟರಲ್ಲಿ ಪ್ಲಾಸ್ಟರು ಕೆಳಗಿಳಿದು ಮೂರೂ ಇಟ್ಟಿಗೆಗಳನ್ನು ನುಂಗಿ ಕಲ್ಲಾಗಿತ್ತು. ಕೆಲಸ ಮುಗಿದ ಮೇಲೆ ಒಡೆದು ತೆಗೆದರಾಯಿತು ಎಂದುಕೊಂಡಳು. ಅದರ ಮೇಲೇ ಸೆಟ್ಟು ಮಾಡಿದಳು, ಕ್ಲಿನಿಕ್ಕಿನ ಆಯಾ ಬಂದು "ಬೇಗ ಕೊಡಿ" ಎಂದು ದವಡೆ ಸಮೇತ ಎತ್ತಿಕೊಂಡು ಹೋದಳು. ಇಟ್ಟಿಗೆಯ ನೆನಪಾದದ್ದು, ಕಿರಿಸೊಸೆ ಫೋನು ಮಾಡಿ "ಈ ಭಾನುವಾರ ಅಂತೆ ಅಕ್ಕ, ಗಿಣಿಗೆ ನಿದ್ದೇನೇ ಇಲ್ಲ" ಎಂದಾಗ.

ಫೋನಿಟ್ಟು ಚಪ್ಪಲಿ ಮೆಟ್ಟಿದಳು. ಕ್ಲಿನಿಕ್ಕಿಗೆ ಓಡಿದಳು.

"ಆ ದವಡೆನಾ?" ಆಯಾ ಅಚ್ಚರಿಪಟ್ಟಳು. "ಸೆಟ್ಟು ಹಾಕಿ ಕಳಿಸಿದ ಮೇಲೆ ಅದನ್ನ ಯಾರು ಪೂಜೆ ಮಾಡ್ತಾರೆ? ಕಸದ ಗಾಡಿಗೆ ಹೋಯ್ತು. ಯಾಕೆ, ಹಲ್ಲೇನಾದ್ರೂ ಬಿಟ್ಟಿದ್ರಾ ಅದರಲ್ಲಿ?"

"ಇಲ್ಲ ಬಿಡಿ" ಎಂದು ಹಲ್ಲಕ್ಕ ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದಳು.

ಗಂಡನ ಹತ್ತಿರ ಹೇಳಿಕೊಂಡಳು. ಅವನು ಮರುಕ ಪಡುತ್ತಾನೆ ಎಂದುಕೊಂಡಿದ್ದರೆ ಅದು ಅವಳ ತಪ್ಪು. ಕೈಯಲ್ಲಿದ್ದ ಕಾಫಿ ಚೆಲ್ಲುವ ಹಾಗೆ ನಕ್ಕ.

"ಬೀಗ ಹಾಕಿ ಅಂತ ಕುಣಿದವಳು ನೀನೇ ತಾನೇ?"

"ನಗಬೇಡಿ. ಗಿಣಿ ಮುಖ ನೆನೆಸ್ಕೊಳ್ಳಿ."

"ಗಿಣಿ ಮುಖ ಆಮೇಲೆ. ಅತ್ತಿಗೆ ಮುಖ ನೆನೆಸ್ಕೊ. ನಿನ್ನ ಬ್ರೆಡ್ಡಿನ ಬಾವುಟಕ್ಕೆಲ್ಲಾ ಬಡ್ಡಿ ಸಮೇತ ತೀರಿಸ್ಕೋತಾರೆ."

"ಹೇಳ್ಬಿಡಲಾ?"

"ಹೇಳು. ಬೀರು ಕೀಲಿಗೆ ಎಣ್ಣೆ ಹಾಕಿಡೋಕೆ ಅಮ್ಮನಿಗೆ ಫೋನ್ ಮಾಡ್ಲಾ?"

ಅವನಿಂದ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಾಯಿತು. ಜೊತೆಗೆ ಇನ್ನೊಂದು ವಿಷಯವೂ ಹೊಳೆಯಿತು. ಇಷ್ಟು ವರ್ಷ ತಾನು ಮಾಡಿಕೊಂಡು ಬಂದದ್ದಾದರೂ ಏನು? ಕಳೆದುಹೋದದ್ದರ ಜಾಗದಲ್ಲಿ, ಕಳೆದೇ ಇಲ್ಲವೆನ್ನುವ ಹಾಗೆ ಇನ್ನೊಂದನ್ನು ಕೂರಿಸುವುದೇ ಅಲ್ಲವೇ?

ಚೂಟಿ ಸ್ಕೂಲಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡಳು. ಆಕಾರದ್ದು ಕಷ್ಟವಾಗಲಿಲ್ಲ. ಅಂಚು ಸವೆಯದ ಒಂದು ಇಟ್ಟಿಗೆಯನ್ನು ಆರಿಸಿ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದಳು. ಬಣ್ಣದ್ದೇ ತಲೆನೋವು. ಒಸಡಿಗೆ ಬಳಸುವ ಪುಡಿ ಗುಲಾಬಿ ಬಣ್ಣದ್ದು. ಅದರಲ್ಲಿ ಮಾಡಿದರೆ ಪೋಸ್ಟ್ ಆಫೀಸಿಗೆ ಒಸಡು ಬಂದ ಹಾಗಾಗುತ್ತದೆ. ಬಣ್ಣವಿಲ್ಲದ ಪುಡಿಗೆ ಕೆಂಪು ಬೆರೆಸಬೇಕು. ಯಾವ ಕೆಂಪು? ಪೆಟ್ಟಿಗೆಯಲ್ಲಿ ಒಂದು ಇಟ್ಟಿಗೆ ಬಿಸಿಲಿಗೆ ಮಾಸಿತ್ತು, ಇನ್ನೊಂದು ಯಾವುದೋ ಮಗುವಿನ ಬಾಯಲ್ಲಿ ಚೀಪಿಸಿಕೊಂಡು ಬಿಳಿಚಿತ್ತು, ಮತ್ತೊಂದು ಕಂದಾಗಿತ್ತು. ಎಲ್ಲದರ ನಡುವೆ ಒಂದೇ ಒಂದು ಮಾತ್ರ ಆರೋಗ್ಯವಾಗಿ, ತುಂಬು ಕೆಂಪಾಗಿ ಇತ್ತು. ಮೊದಲಿನ ಬಣ್ಣ ಇದೇ ಇರಬೇಕು ಎಂದುಕೊಂಡು ಅದನ್ನು ಚಿಮುಟದಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದಳು. ಹಲ್ಲಿನ ಬಣ್ಣ ಹೊಂದಿಸುವಾಗ ಅಂಗಳಕ್ಕೆ ಹೋಗಿ ಬಿಸಿಲಲ್ಲಿ ನೋಡಬೇಕು ಎಂಬುದು ಅವಳದೇ ನಿಯಮ. ಆದರೆ ಅಂಗಳದಲ್ಲಿ ಕಳ್ಳ ಇಟ್ಟಿಗೆ ಹಿಡಿದು ನಿಂತರೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ "ಏನ್ರೀ ಅದು?" ಅನ್ನದೆ ಇರುತ್ತಾಳೆಯೇ?

ಪುಡಿ ಕಲಸಿ, ಅಚ್ಚಿಗೆ ತುಂಬಿ, ಹಿತ್ತಾಳೆಯ ಡಬ್ಬಿಯಲ್ಲಿ ಬಿಗಿದು, ಹಲ್ಲು ಬೇಯಿಸುವ ಪಾತ್ರೆಯಲ್ಲೇ ಬೇಯಿಸಿದಳು. ತಣ್ಣಗಾದ ಮೇಲೆ ಒಡೆದು, ಉಜ್ಜಿ, ಪಾಲಿಶ್ ಮಾಡಿದಳು. ಹೊಳಪು ಹೆಚ್ಚಾಯಿತು ಎಂದು ಮತ್ತೆ ಮರಳುಕಾಗದದಲ್ಲಿ ಮಂಕು ಮಾಡಿದಳು. ಕೊನೆಗೆ ಮೂರನ್ನೂ ಆ ತುಂಬುಗೆಂಪಿನ ಇಟ್ಟಿಗೆಯ ಪಕ್ಕ ಇಟ್ಟು ನೋಡಿದರೆ, ಅವಳಿಗೇ ಯಾವುದು ಯಾವುದೆಂದು ತಿಳಿಯಲಿಲ್ಲ. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದಳು. ಪೆಟ್ಟಿಗೆಗೆ ಸುರಿದು, ದಾರ ಕಟ್ಟಿ, ಹಲಗೆಯ ಮೇಲಿಟ್ಟಳು.

ಭಾನುವಾರ ಬೆಳಿಗ್ಗೆ ಅತ್ತೆಯ ಮನೆಯ ಹಜಾರದಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿದ್ದರು. ಪರದೆ ಸರಿಸಿ, ಬಿಸಿಲು ನೇರ ಮೇಜಿನ ಮೇಲೆ ಬೀಳುವ ಹಾಗೆ ಮಾಡಿದ್ದರು. ಮಾವ ಮೂಲೆಯ ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು ಕೂತಿದ್ದರು. ಹಿರಿಸೊಸೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದಳು. ಟೇಪು ಇಲ್ಲದೆ ಅವಳಿಗೆ ಉಟ್ಟ ಹಾಗಾಗುವುದಿಲ್ಲ. ಗಿಣಿ ಹೊಸ ಫ್ರಾಕಿನಲ್ಲಿ ಕುರ್ಚಿಯ ಮೇಲೆ ಮೊಣಕಾಲೂರಿ ನಿಂತಿದ್ದಳು.

"ಎಲ್ಲಾ ಇದೆಯೇನೇ?" ಅತ್ತೆ ಕೇಳಿದರು.

"ನಮ್ಮನೇಲಿ ಇದ್ದದ್ದು ಎಲ್ಲಿಗೆ ಹೋಗುತ್ತೆ ಅತ್ತೆ?" ಹಲ್ಲಕ್ಕ ಅಂದಳು. ಗಂಡ ಅವಳ ಕಡೆ ನೋಡಿ ಕೆಮ್ಮಿದ.

ಅತ್ತೆ ಎಂದಿನಂತೆ ಹಿಂದಿನ ಗೋಡೆಗೆ ಕೈಹಾಕಿದರು. ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುತ್ತಾ ಇಟ್ಟಿಗೆಗಳನ್ನು ಬೆರಳಲ್ಲಿ ತಳ್ಳಿ ತಳ್ಳಿ ನೋಡಿದರು. ಅವರು ಹುಡುಕುತ್ತಿದ್ದದ್ದು ಅವರಿಗಿಂತ ಮೊದಲು ಗಿಣಿಯ ಕಣ್ಣಿಗೆ ಬಿತ್ತು.

"ಅಯ್ಯೋ, ಇವು ಎಷ್ಟು ಚೆನ್ನಾಗಿವೆ! ಇವು ನನಗೆ!" ಎಂದು ಗಿಣಿ ಗಬಕ್ಕನೆ ಬಾಚಿಕೊಂಡು, ಯಾರಾದರೂ ಬೇಡ ಅನ್ನುವ ಮೊದಲೇ ಮುಂದಿನ ಗೋಡೆಯಲ್ಲಿ, ಬಾಗಿಲಿನ ನೆತ್ತಿಯ ಮೇಲೆ ಸಾಲಾಗಿ ಒತ್ತಿಬಿಟ್ಟಳು. ಟಪ್, ಟಪ್, ಟಪ್, ಟಪ್.

ಬಿಸಿಲು ಬಿತ್ತು. ಟ್ಯೂಬ್‌ಲೈಟಿನಲ್ಲಿ ಹಳೆಯವುಗಳ ಅಣ್ಣತಮ್ಮಂದಿರ ಹಾಗಿದ್ದ ಕೆಂಪುಗಳು ಬಿಸಿಲಲ್ಲಿ ಮುಖ ತಿರುಗಿಸಿಕೊಂಡವು. ಸುತ್ತಲಿನ ಮಾಸಿದ ಇಟ್ಟಿಗೆಗಳ ನಡುವೆ ಆ ನಾಲ್ಕು ಜಗ್ಗನೆ ಉರಿಯುತ್ತಿದ್ದವು.

ಹಿರಿಸೊಸೆ ಕನ್ನಡಕ ಏರಿಸಿಕೊಂಡಳು. ಬಟ್ಟೆಯ ತೇಪೆ ಬೇರೆ ಥಾನಿನದ್ದು ಎಂದು ಅಂಗಡಿಯ ಬಾಗಿಲಲ್ಲೇ ಹೇಳುವವಳು ಅವಳು.

"ಇದೇನೇ ಹಲ್ಲಕ್ಕ," ನಿಧಾನವಾಗಿ ಅಂದಳು, "ನಿನ್ನ ಪೋಸ್ಟ್ ಆಫೀಸು ಲಿಪ್‌ಸ್ಟಿಕ್ ಹಚ್ಕೊಂಡು ಬಂದಿದೆ?"

ಹಲ್ಲಕ್ಕನಿಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ಸದ್ದು. ಟಕ್.

ಅತ್ತೆಗೆ ಸಿಟ್ಟು ಬಂತು ಎಂದುಕೊಂಡಳು. ಆದರೆ ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಆ ನಾಲ್ಕನ್ನೇ ದಿಟ್ಟಿಸುತ್ತಾ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಇದು ಯಾವಾಗ ಮರಿ ಹಾಕಿತು?" ಅಂದರು.

ಆಗ ಹಲ್ಲಕ್ಕನ ತಲೆಯೊಳಗೆ ಏನೋ ಕಚ್ಚಿಕೊಂಡಿತು. ನಾಲ್ಕು! ತಾನು ಮಾಡಿದ್ದು ಮೂರು. ನಾಲ್ಕನೆಯದು ತಾನು ಬಣ್ಣ ನೋಡಿಕೊಂಡದ್ದು. ಅದೂ ಈ ಮೂರರ ಹಾಗೇ ಯಾಕೆ ಉರಿಯಬೇಕು? "ತಡಿ ಪುಟ್ಟಾ, ಇದು ಸೊಟ್ಟ ಕೂತಿದೆ" ಎನ್ನುತ್ತಾ ಅದನ್ನು ಕಿತ್ತು, ಹಿಂಬದಿಗೆ ಉಗುರು ಒತ್ತಿದಳು. ಉಗುರಿಗೆ ಸಣ್ಣ ಚೂರು ಎದ್ದುಬಂತು. ಮೂಗಿನ ಹತ್ತಿರ ಹಿಡಿದಳು. ಹಳೆಯ ಪಾರ್ಸಲ್‌ನ ವಾಸನೆ. ಅರಗು!

ಮುದಿಬಾಯಲ್ಲಿ ಎಲ್ಲಾ ಹಲ್ಲೂ ಸವೆದು ಹಳದಿಯಾಗಿ, ಒಂದು ಮಾತ್ರ ಮುತ್ತಿನಂತಿದ್ದರೆ ಮೊದಲು ಅನುಮಾನಿಸಬೇಕಾದದ್ದೇ ಅದನ್ನು. ಕೆಲಸ ಕಲಿಯುವ ಮೊದಲ ವಾರ ಗೊತ್ತಾಗುವ ಸಂಗತಿ. ಕಟ್ಟಿಸಿದ ಹಲ್ಲನ್ನು ನೋಡಿಕೊಂಡು ತಾನು ಇನ್ನೂ ಮೂರು ಹಲ್ಲು ಕಟ್ಟಿದ್ದಳು! ಹಿಂದಿನ ಗೋಡೆಯನ್ನು ಅತ್ತೆ ಯಾರಿಗೂ ಯಾಕೆ ಮುಟ್ಟಿಸುತ್ತಿರಲಿಲ್ಲ ಎಂಬುದೂ ಈಗ ಬೆಳಕಾಯಿತು.

ಅತ್ತೆಯ ಕಡೆ ನೋಡಿದಳು. ಅತ್ತೆ ಪಟಕ್ಕನೆ ಕಿಟಕಿಯ ಆಚೆಗೆ ನೋಡಿದರು.

"ಯಾಕೆ ಎಲ್ಲಾ ತುಟಿಪಿಟಕ್ಕೆನ್ನಲ್ಲ?" ಹಿರಿಸೊಸೆಗೆ ಈಗ ಹುರುಪು ಬಂದಿತ್ತು. "ಅಳತೆ ಸರಿ, ಬಣ್ಣ ಬೇರೆ. ಇವು ಪೆಟ್ಟಿಗೇವಲ್ಲ. ಯಾರು ಎಲ್ಲಿ ಕಳೆದ್ರು, ಯಾರು ಎಲ್ಲಿ ಬೇಯಿಸಿದ್ರು ಅಂತ ನಾನು ಹೇಳಬೇಕಾ? ಕಟ್ಟಳೆ ಅಂದ್ರೆ ಕಟ್ಟಳೆ. ಬೀರು ತೆಗೀರಿ ಅತ್ತೆ. ನಾನು ಸುಮ್ಮನಿದ್ರೂ ಹಲ್ಲಕ್ಕ ಸುಮ್ಮನಿರಲ್ಲ. ಜನಕ್ಕೆ ಬುದ್ಧಿ ಬರಬೇಕಲ್ಲ!"

ಚೂಟಿಯ ತುಟಿ ನಡುಗಿತು. "ನಾನು ಕಳೆದಿಲ್ಲ ಅಜ್ಜಿ... ಎಲ್ಲಾ ಎಣಿಸಿಟ್ಟಿದ್ದೆ..." ಅನ್ನುವಷ್ಟರಲ್ಲಿ ಅಳುವೇ ಬಂದುಬಿಟ್ಟಿತು. ಗಿಣಿ ಎರಡೂ ಕೈಯಲ್ಲಿ ಅರ್ಧ ಕಟ್ಟಿದ ಪೋಸ್ಟ್ ಆಫೀಸನ್ನು ತಬ್ಬಿಕೊಂಡು, "ಬೀರುಗೆ ಹಾಕಿದ್ರೆ ನಾನೂ ಬೀರು ಒಳಗೆ ಹೋಗ್ತೀನಿ!" ಎಂದು ಕೂಗಿದಳು.

ಹಲ್ಲಕ್ಕನ ಕೈಯಲ್ಲಿ ಅರಗಿನ ಇಟ್ಟಿಗೆ ಬೆವರುತ್ತಿತ್ತು. ಒಂದು ಮಾತು ಸಾಕಿತ್ತು. "ಅತ್ತೆ, ಇದು ಯಾರದ್ದು?" ಎಂದರೆ ಅಲ್ಲಿಗೆ ಅತ್ತೆಯ ಯಜಮಾನಿಕೆ ಮುಗಿಯಿತು. ನಾಲಿಗೆ ತುದಿಯವರೆಗೂ ಬಂತು. ಆದರೆ ಬಾಯಿ ಬಿಡದೆ ಬಾಳುವುದನ್ನು ಕಸುಬು ಕಲಿಸಿತ್ತಲ್ಲ. ಯಾರ ಬಾಯಲ್ಲಿ ಯಾವುದು ಕಟ್ಟಿಸಿದ್ದು ಎಂದು ಅವಳು ಹೇಳುವುದಿಲ್ಲ. ನುಂಗಿಕೊಂಡಳು.

"ಚೂಟಿ ಕಳೆದಿಲ್ಲ" ಅಂದಳು. "ನಾನೇ ಕಳೆದೆ ಅತ್ತೆ. ದವಡೆಗೆ ಒತ್ತು ಕೊಟ್ಟೆ, ಪ್ಲಾಸ್ಟರಲ್ಲಿ ಸಿಕ್ಕೊಂಡು ಕಸದ ಗಾಡಿಗೆ ಹೋದವು. ಈ ನಾಲ್ಕೂ ನಾನೇ ಮಾಡಿದ್ದು."

ಟಕ್.

"ಮೂರು" ಅಂದರು ಅತ್ತೆ.

"ಏನತ್ತೆ?"

"ಮೂರು ಕಣೇ ನಿಂದು. ನನ್ನ ಕೆಲಸಾನೂ ನಿನ್ನ ಲೆಕ್ಕಕ್ಕೆ ಹಾಕ್ಕೋಬೇಡ." ಅತ್ತೆ ಅವಳ ಕೈಯಿಂದ ಇಟ್ಟಿಗೆ ಕಸಿದುಕೊಂಡು ಬೆಳಕಿಗೆ ಹಿಡಿದರು. ದನಿಯಲ್ಲಿ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. "ಒಳಗೆ ಪಾರ್ಸಲ್ ದಾರ ಇಟ್ಟು ಎರಕ ಹೊಯ್ದಿದ್ದೀನಿ. ಇಷ್ಟು ವರ್ಷ ಒಂದು ಮೊಳಕೆ ಮುರಿದಿಲ್ಲ ನೋಡು."

"ನಿಜವಾದ್ದು ಎಲ್ಲಿಗೆ ಹೋಯ್ತಮ್ಮ?" ಹಲ್ಲಕ್ಕನ ಗಂಡ ಕೇಳಿದ. ಅವನ ಬಾಲ್ಯದ ಪೋಸ್ಟ್ ಆಫೀಸು ಕಣ್ಣೆದುರೇ ಕುಸಿಯುತ್ತಿತ್ತು.

"ನಿಮ್ಮಪ್ಪನ್ನ ಕೇಳು."

ಮಾವ ಪೇಪರು ಕೆಳಗಿಳಿಸಿದರು. "ನನ್ನನ್ನ ಯಾಕೆ?"

"ನಿಮ್ಮ ತಲೆಗೇ ಗುರಿ ಇಟ್ಟು ಎಸೆದಿದ್ದು. ನೀವು ಬಗ್ಗಿದ್ರಿ. ಅದು ಕಿಟಕಿ ದಾಟಿ ಹೋಯ್ತು. ರಸ್ತೇಲಿ ಮರಳಿನ ಲಾರಿ ಹೋಗ್ತಿತ್ತು. ಅದರೊಳಗೆ ಬಿತ್ತು."

"ಅದು ಇಟ್ಟಿಗೆಯಾ?" ಮಾವ ಬಹಳ ಹೊತ್ತು ಯೋಚಿಸಿ ಅಂದರು, "ನಾನು ಜೀರುಂಡೆ ಅಂದ್ಕೊಂಡಿದ್ದೆ. ಜೀರುಂಡೆಗೆ ಹೆದರಿ ಬಗ್ಗಿದೆ ಅಂತ ನೀನು ಆಗ ಎಷ್ಟು ನಕ್ಕೆ!"

"ನಗದೆ ಇನ್ನೇನು ಮಾಡಲಿ? ಲಾರಿ ಹಿಂದೆ ಓಡಲಾ?"

ಮೊದಲು ನಕ್ಕದ್ದು ಕಿರಿಸೊಸೆ. ಆಮೇಲೆ ಗಂಡಸರು. ಅಳುತ್ತಿದ್ದ ಚೂಟಿಗೂ ಮೂಗಿನಲ್ಲಿ ನಗು ಬಂತು. ನಗದೆ ಇದ್ದವಳು ಹಿರಿಸೊಸೆ ಒಬ್ಬಳೇ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ನಗಿ, ಎಲ್ಲಾ ನಗಿ" ಅಂದಳು. "ಒಂದು ಕಡ್ಡಿಯಷ್ಟು ಕಂಬ ಕಳೆದದ್ದಕ್ಕೆ ನಾನು ಇಷ್ಟು ವರ್ಷ ತಲೆ ತಗ್ಗಿಸಿದ್ದೀನಿ. ಬ್ರೆಡ್ಡಲ್ಲಿ ಬಾವುಟ, ಮಕ್ಕಳ ಕಾಗದದ ದೋಣಿಯಲ್ಲಿ ಬಾವುಟ, ನನ್ನ ಮಗನ ಹುಟ್ಟುಹಬ್ಬದ ಕೇಕಲ್ಲೂ ಬಾವುಟ. ನೀವಿಬ್ಬರೂ ಕಳ್ಳ ಇಟ್ಟಿಗೆ ಹುಯ್ಕೊಂಡು ಹಾಯಾಗಿದ್ರಿ!"

ನಗು ನಿಂತಿತು. ಅತ್ತೆ ಎದ್ದು, ಸೊಂಟದ ಗೊಂಚಲಿನಿಂದ ಬೀರುವಿನ ಕೀಲಿ ಬಿಡಿಸಿ ಹಿರಿಸೊಸೆಯ ಕೈಯಲ್ಲಿಟ್ಟರು.

"ಕಳೆದವರಲ್ಲಿ ಅವತ್ತೇ ಬಾಯಿಬಿಟ್ಟು ಹೇಳಿದವಳು ನೀನೊಬ್ಬಳೇ. ಕಟ್ಟಳೆ ಮಾಡೋ ಯೋಗ್ಯತೆ ನನಗಿಲ್ಲ. ಬೀಗ ಹಾಕ್ತೀಯೋ, ಬಿಡ್ತೀಯೋ, ನೀನೇ ಹೇಳು."

ಹಿರಿಸೊಸೆ ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಅವಸರ ಮಾಡಲಿಲ್ಲ. ಕುರ್ಚಿ ಎಳೆದು ಕೂತಳು. ಗಿಣಿ ಅವಳ ಮುಖವನ್ನೇ ನೋಡುತ್ತಾ, ಪೋಸ್ಟ್ ಆಫೀಸನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು.

"ಹಲ್ಲಕ್ಕ, ಇಲ್ಲಿ ಬಾ."

ಬಂದಳು.

"ಕಂಬ ಮಾಡ್ಕೊಡ್ತೀಯಾ?"

"ಮಾಡ್ಕೊಡ್ತೀನಿ ಅಕ್ಕ."

"ಹಲ್ಲುಕಡ್ಡೀದಲ್ಲ. ಗಟ್ಟಿಯದ್ದು. ಬಾವುಟ ನಾನು ಹೊಲೀತೀನಿ, ನಿನ್ನ ಕೈಲಿ ಆಗಲ್ಲ."

"ಆಗಲಿ ಅಕ್ಕ."

"ಇನ್ನು ಮೇಲೆ ನಮ್ಮನೇಗೆ ಊಟಕ್ಕೆ ಬಂದಾಗ?"

"ಏನೂ ಸಿಕ್ಕಿಸಲ್ಲ. ತಟ್ಟೇಲಿ ಇದ್ದದ್ದು ಇದ್ದ ಹಾಗೇ ತಿಂತೀನಿ."

"ಎಲ್ಲರಿಗೂ ಕೇಳಿಸೋ ಹಾಗೆ ಹೇಳು."

"ಏನೂ ಸಿಕ್ಕಿಸಲ್ಲ!" ಹಲ್ಲಕ್ಕ ಕೂಗಿದಳು. ಬಾಗಿಲಾಚೆ ಹೋಗುತ್ತಿದ್ದ ಹಾಲಿನವನು ಇಣುಕಿ ನೋಡಿ ಹೋದ. ಹಿರಿಸೊಸೆಯ ತುಟಿಯ ತುದಿ ಕೊನೆಗೂ ಮೇಲಕ್ಕೆದ್ದಿತು. ಕೀಲಿಯನ್ನು ಅತ್ತೆಗೆ ವಾಪಸು ಕೊಟ್ಟು, ಗಿಣಿಯ ಕೆನ್ನೆ ಹಿಂಡಿದಳು.

"ತಗೊಂಡು ಹೋಗೇ. ನಿಂದೇ. ಕಳೀಬೇಡ."

ಗಿಣಿ ಕುರ್ಚಿಯಿಂದ ಜಿಗಿದ ರಭಸಕ್ಕೆ ಕಿಟಕಿಯೊಂದು ಕಳಚಿ ನೆಲಕ್ಕೆ ಬಿತ್ತು. ಕಿರಿಸೊಸೆ ಹಣೆ ಚಚ್ಚಿಕೊಂಡಳು. "ಈಗ ತಾನೇ ಕಳೀಬೇಡ ಅಂದ್ರಲ್ಲೇ!"

ಗಿಣಿ ಕಿಟಕಿ ಎತ್ತಿಕೊಂಡು ಬಾಗಿಲ ಮೇಲಿನ ಸಾಲನ್ನೊಮ್ಮೆ ನೋಡಿದಳು. ಆಮೇಲೆ ಹಲ್ಲಕ್ಕನ ಸೆರಗು ಎಳೆದು, ಗುಟ್ಟು ಹೇಳುವ ದನಿಯಲ್ಲಿ, ಆದರೆ ಹಜಾರಕ್ಕೆಲ್ಲಾ ಕೇಳಿಸುವ ಹಾಗೆ ಕೇಳಿದಳು.

"ದೊಡ್ಡಮ್ಮ, ನಾನು ಕಳೆದ್ರೆ ಹಳದಿ ಬಣ್ಣದ್ದು ಮಾಡ್ಕೊಡ್ತೀರಾ?"

"ಕಳೆದ್ರೆ ಅಲ್ಲ ಕಣೇ!" ಕಿರಿಸೊಸೆ ಚೀರಿದಳು.

"ಸರಿ. ಕಳೆಯೋದಕ್ಕಿಂತ ಮುಂಚೆನೇ ಮಾಡ್ಕೊಡ್ತೀರಾ?"

ಹಲ್ಲಕ್ಕ ಅತ್ತೆಯ ಕಡೆ ನೋಡಿದಳು, ಹಿರಿಸೊಸೆಯ ಕಡೆ ನೋಡಿದಳು. ಇಬ್ಬರೂ ಮಗುವಿನ ಮಾತನ್ನು ಗಂಭೀರವಾಗಿ ಯೋಚಿಸುತ್ತಿದ್ದರು.

"ಹಳದಿ ಅಷ್ಟು ಒಪ್ಪಲ್ಲ" ಅಂದಳು ಹಿರಿಸೊಸೆ. "ನೀಲಿ ಆದ್ರೆ ನೋಡಬಹುದು."